ಕಾರ್ಡಿನ ಬೆನ್ನಿಗೆ ನಾನು ಕೊರೆದ ಗುರುತು

ಆ ಕಾರ್ಡಿನ ಬೆನ್ನ ಮೇಲಿನ ಗೀರು ನನ್ನದು, ಈರಣ್ಣ. ನಾನೇ ಕೊರೆದದ್ದು — ನನ್ನ ಮನೆಯ ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಚಷ್ಮಾ ಹಾಕಿಕೊಂಡು. ಶಾಲಾ ಸಮಿತಿಯ ಮೇಜಿನ ಸುತ್ತ ಐದು ಜನ ಕೂತಿದ್ದಾಗ ನೀನು ನನ್ನನ್ನು ಕೇಳಿದೆ. ನಾನು ಇಲ್ಲ ಎಂದೆ. ಮರೆತು ಹೇಳಿದ್ದಲ್ಲ. ಆ ಹೊತ್ತಿಗೆ ನನಗೆ ಎಲ್ಲವೂ ಗೊತ್ತಿತ್ತು.

ಇದನ್ನು ಓದುವ ಬೇರೆಯವರಿಗೆ ನಾವಿಬ್ಬರೂ ಯಾರೆಂದು ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಕ್ರಮವಾಗಿ ಹೇಳುತ್ತೇನೆ. ಕ್ರಮ ಬಿಟ್ಟು ಹೇಳಲು ನನಗೆ ಬರುವುದೂ ಇಲ್ಲ.

ನಾನು ಇಳಕಲ್ಲಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ಮುಖ್ಯಾಧ್ಯಾಪಕನಾಗಿ ನಿವೃತ್ತನಾದವನು. ನೀನು ಅಲ್ಲಿ ನನ್ನ ವಿದ್ಯಾರ್ಥಿ. ಕೆರೂರಿನ ನೇಕಾರರ ಮನೆಯವನು, ಇಳಕಲ್ಲಿನ ಸೋದರಮಾವನ ಮನೆಯಲ್ಲಿದ್ದು ಹತ್ತನೆಯ ತರಗತಿ ಮುಗಿಸಿದೆ. ಲೆಕ್ಕ ಸರಿಯಿದ್ದರೆ ನಾನು ಹಾಕುತ್ತಿದ್ದ ಗುರುತು ಬೇರೆ ಮಾಸ್ತರರದರಂತೆ ಇರಲಿಲ್ಲ. ಬಾಲ ಉದ್ದ, ತುದಿ ಒಳಕ್ಕೆ ಬಾಗಿದ್ದು, ಕೆಳಗೊಂದು ಚುಕ್ಕೆ. ಹುಡುಗರು ಅದನ್ನು ಕುಡಗೋಲು ಎನ್ನುತ್ತಿದ್ದರು. ನೋಟುಪುಸ್ತಕ ಹಂಚಿದ ಮೇಲೆ ಹಿಂದಿನ ಬೆಂಚಿನಿಂದ "ಎಷ್ಟ ಕುಡಗೋಲ ಬಿದ್ದುವಲೇ?" ಎಂಬ ಪಿಸುಮಾತು ಬರುತ್ತಿತ್ತು. ನಾನು ಕೇಳಿಸದವನಂತೆ ಇರುತ್ತಿದ್ದೆ.

ನಾನು ಬೆಳೆದದ್ದು ಬಾಗಲಕೋಟೆಯ ಒಂದು ಉಚಿತ ವಿದ್ಯಾರ್ಥಿ ನಿಲಯದಲ್ಲಿ. ಐದಕ್ಕೆ ಏಳುವುದು, ಐದೂವರೆಗೆ ಪ್ರಾರ್ಥನೆ, ಆರಕ್ಕೆ ನೀರು ಸೇದುವುದು. ಹೋದ ಮೊದಲ ವಾರವೇ ನನ್ನ ತಾಟು ಬದಲಾಯಿತು. ಅವ್ವ ಕೊಟ್ಟ ಹೊಸ ಹಿತ್ತಾಳೆಯ ತಾಟು ಹೋಗಿ ತಳ ತೂತಾದ, ಜರ್ಮನ್ ಎನ್ನುವ ಅಲ್ಯೂಮಿನಿಯಂ ತಾಟು ಬಂತು. ದೂರು ಹೇಳಿದೆ. ಹೆಸರು ಕೊರೆಸಿದ್ದೆಯೇನು ಎಂದು ವಾರ್ಡನ್ನರು ಕೇಳಿದರು. ಇಲ್ಲ ಎಂದೆ. ಹಾಗಾದರೆ ಅದು ಯಾರ ತಾಟೂ ಅಲ್ಲ ಎಂದರು. ಆರು ವರ್ಷ ಆ ತೂತಿನ ಮೇಲೆ ರೊಟ್ಟಿ ಅಡ್ಡ ಇಟ್ಟು ಸಾರು ಉಂಡೆ.

ಅಂದಿನಿಂದ ಗುರುತು ಹಾಕದೆ ಯಾವ ವಸ್ತುವನ್ನೂ ಇಟ್ಟುಕೊಂಡವನಲ್ಲ. ನಮ್ಮ ಕಡೆ ಮದುವೆಯ ಭಾಂಡೆ ಪಾತ್ರೆಗಳ ಮೇಲೆ ಹೆಸರು ಕೊರೆಸುವುದು ಎಲ್ಲ ಮನೆಗಳಲ್ಲಿಯೂ ಇದೆ. ಭಾಂಡೆ ಅಂಗಡಿಯವನು ಗುಂಯ್ ಎನ್ನುವ ಸೂಜಿ ಮಷಿನ್ ಹಿಡಿದು ಕೊರೆದು ಕೊಡುತ್ತಾನೆ. ನಾನು ಆ ಮಷಿನ್ನನ್ನೇ ಒಂದು ಕೊಂಡು ಮನೆಯಲ್ಲಿಟ್ಟೆ. ಸೌಟು, ಕೊಡೆಯ ಹಿಡಿ, ಸೈಕಲ್ ಪಂಪು, ಚಷ್ಮಾದ ಡಬ್ಬಿ — ಎಲ್ಲಕ್ಕೂ ಹೆಸರು. ಸಮಜಾಯಿಷಿಗೆಂದು ಇದನ್ನು ಹೇಳುತ್ತಿಲ್ಲ. ಆ ಸೂಜಿ ನಮ್ಮ ಮನೆಯಲ್ಲಿ ಯಾಕಿತ್ತು ಎಂಬುದು ತಿಳಿಯಬೇಕು.

ಸಿಡಿ ಹಿಂದೆ ಬಿದ್ದು ಡಿವಿಡಿ ಬರುತ್ತಿದ್ದ ವರ್ಷಗಳು. ನನ್ನ ಮಗಳು ಸುನಂದಾ ಹುಬ್ಬಳ್ಳಿಯಲ್ಲಿ ಆರು ತಿಂಗಳು ವಿಡಿಯೊ ಮಿಕ್ಸಿಂಗ್ ಕಲಿತು ಬಂದಿದ್ದಳು. ಬಾದಾಮಿ, ಹುನಗುಂದದ ಸ್ಟುಡಿಯೊದವರು ಮದುವೆ ಚಿತ್ರಿಸಿದ ಕ್ಯಾಸೆಟ್ಟು ತಂದುಕೊಡುತ್ತಿದ್ದರು. ಕತ್ತರಿಸಿ, ಜೋಡಿಸಿ, ಹಾಡು ಕೂಡಿಸುವುದು ಅವಳ ಕೆಲಸ. ಅದಕ್ಕೆ ಸ್ವಂತದ ಕಂಪ್ಯೂಟರ್ ಬೇಕಿತ್ತು. ಅದೂ ಸಣ್ಣದು — ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ, ಮದುವೆ ಮನೆಯ ಟಿವಿಗೇ ಜೋಡಿಸಿ ತೋರಿಸಿ, ಈ ಅತ್ತೆಯನ್ನು ತೆಗೆ, ಆ ಮಾವನನ್ನು ಹಾಕು ಎಂದು ಅವರು ಹೇಳಿದ್ದನ್ನು ಅಲ್ಲಿಯೇ ತಿದ್ದುವಂತಿರಬೇಕು. ಕೊನೆಗೆ ಮೆಲ್ಲಗೆ ಒಂದು ಮಾತು ಸೇರಿಸಿದಳು.

"ಆಟಾನೂ ಆಡಾಕ ಬರಬೇಕಪ್ಪಾ. ಬರೇ ಮಂದಿ ಮದುವಿ ನೋಡಿ ನೋಡಿ ಕಣ್ಣ ಬ್ಯಾಸತ್ತಾವು."

ಕಾರು ಓಡಿಸುವ ಆಟ. ಇಪ್ಪತ್ತಾರು ವರ್ಷದ ಹೆಣ್ಣುಮಗಳಿಗೆ ಕಾರಿನ ಆಟ! ಇದನ್ನು ಯಾರೋ ಅವಳ ತಲೆಯಲ್ಲಿ ತುಂಬಿದ್ದಾರೆ ಎಂದುಕೊಂಡೆ. ಯಾರಿರಬಹುದು ಎಂದು ಯೋಚಿಸುವಷ್ಟರಲ್ಲಿ ಅವಳು ನಿನ್ನ ಹೆಸರು ಹೇಳಿದಳು. ಬಾಗಲಕೋಟೆಯ ನವನಗರದಲ್ಲಿ ಈರಣ್ಣ ಅಂಗಡಿ ಹಾಕಿದ್ದಾನೆ, ಕಂಪ್ಯೂಟರ್ ಜೋಡಿಸಿಕೊಡುತ್ತಾನೆ, ಒಳ್ಳೆಯವನು ಎನ್ನುತ್ತಾರೆ. ಎನ್ನುವವರು ಯಾರು? — ನಾನು ಕೇಳಿದ್ದು ಅದನ್ನೇ.

ಸುನಂದಾಳನ್ನು ಕರೆದುಕೊಂಡು ನಿನ್ನ ಅಂಗಡಿಗೆ ಬಂದಾಗ ನೀನು ಎದ್ದು ನಿಂತೆ, ಕಾಲು ಮುಟ್ಟಿದೆ, ಚಹಾ ತರಿಸಿದೆ. ಚಹಾ ಯಾಕೆ ತರಿಸಿದ ಎಂದುಕೊಂಡು ಕುಡಿದೆ.

ನೀನು ಕಾಗದದ ಮೇಲೆ ಒಂದು ಪೆಟ್ಟಿಗೆ ಬರೆದೆ. ಮೊಳದುದ್ದ, ಗೇಣಗಲ. "ಅಕ್ಕಾರ, ಸಣ್ಣ ಪೆಟಗಿ ಅಂದ್ರ ಒಳಗ ಒಲಿ ಇಟ್ಟಂಗ. ಗಾಳಿ ಆಡಾಕ ದಾರಿ ಬಿಡಬೇಕು. ನಮ್ಮ ಬ್ಯಾಸಗಿ ನಿಮಗ ಗೊತ್ತ ಐತಿ" ಎಂದೆ. ಅದಕ್ಕೆ ಫ್ಯಾನು ಎರಡು. ಪೆಟ್ಟಿಗೆಯ ಜೊತೆಗೆ ಬರುವ ಕರೆಂಟಿನ ಡಬ್ಬಿಯನ್ನು ನಂಬಬಾರದು, ಬೇರೆ ಒಳ್ಳೆಯದನ್ನು ಹಾಕೋಣ ಎಂದೆ. ಇದರಲ್ಲಿ ಇವನಿಗೇನು ಸಿಗುತ್ತದೆ ಎಂದು ನಾನು ವಹಿಯ ಅಂಚಿನಲ್ಲಿ ಬರೆದುಕೊಂಡೆ. ಹಾರ್ಡ್ ಡಿಸ್ಕ್ ಎರಡು ಬೇಕು, ಒಂದರಲ್ಲಿ ಕಂಪ್ಯೂಟರಿನ ಸಂಸಾರ, ಇನ್ನೊಂದರಲ್ಲಿ ವಿಡಿಯೊ ಮಾತ್ರ, ಎರಡೂ ಒಂದೇ ಕಡೆ ಇದ್ದರೆ ಕ್ಯಾಸೆಟ್ಟಿನಿಂದ ತುಂಬುವಾಗ ಚಿತ್ರ ಜಿಗಿಯುತ್ತದೆ ಎಂದು ನೀನು ಹೇಳಿದೆ. ಒಂದರಲ್ಲಿ ಆಗುವ ಕೆಲಸಕ್ಕೆ ಎರಡು ಮಾರುತ್ತಿದ್ದಾನೆ ಎಂದು ನಾನು ಅಂದುಕೊಂಡೆ.

ಗ್ರಾಫಿಕ್ಸ್ ಕಾರ್ಡಿನ ಮಾತು ಬಂತು. ಪರದೆಯ ಮೇಲೆ ಚಿತ್ರ ಮೂಡಿಸುವ, ಅಂಗೈಯಗಲದ ಹಸಿರು ಹಲಗೆ. ನೀನು ಅದನ್ನು ಹೊಗಳಿ ಮಾರುತ್ತೀಯೆಂದು ಕಾಯುತ್ತಿದ್ದೆ. ನೀನು ಹೇಳಿದ್ದು ಬೇರೆ. "ಮಿಕ್ಸಿಂಗಿಗೆ ಇದು ಬೇಕಾಗಂಗಿಲ್ಲರಿ ಸರ. ಆಟಕ್ಕ, ಮತ್ತ ಟಿವಿಗೆ ಜೋಡಸಾಕ ಅಷ್ಟ. ಇದ ಇಲ್ಲದಿದ್ರೂ ಬೋರ್ಡಿನಾಗ ಇದ್ದದ್ದರಾಗ ಕೆಲಸ ನಡೀತೈತಿ. ಅಕ್ಕಾರಿಗೆ ಬೇಕಂದ್ರ ಹಾಕೂಣು, ಇಲ್ಲಂದ್ರ ಬ್ಯಾಡ್ರಿ."

ಮೋಸ ಮಾಡುವವನು ಹೀಗೆ ಹೇಳುತ್ತಾನೆಯೇ? ನಾನು ಯೋಚಿಸಿದೆ — ನಂಬಿಕೆ ಹುಟ್ಟಿಸಲು ಒಂದು ಕಡೆ ಖರೆ ಹೇಳಿ ಇನ್ನೊಂದು ಕಡೆ ಕತ್ತರಿಸುವವನು ಹೀಗೆಯೇ ಹೇಳುತ್ತಾನೆ. ಹದಿನೈದು ದಿನ ಬಿಟ್ಟು ಮತ್ತೆ ಬಂದು ಅವೇ ಪ್ರಶ್ನೆಗಳನ್ನು ತಿರುಗಿಸಿ ಕೇಳಿದೆ. ನೀನು ಅವೇ ಉತ್ತರ ಕೊಟ್ಟೆ. ಬಾಯಿಪಾಠ ಮಾಡಿದ್ದಾನೆ ಎಂದುಕೊಂಡೆ. ಬೇರೆ ಉತ್ತರ ಕೊಟ್ಟಿದ್ದರೆ ಸುಳ್ಳುಗಾರ ಎನ್ನುತ್ತಿದ್ದೆ. ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆದವನು ನಾನು. ಪಾಸಾಗಲು ದಾರಿಯೇ ಇಲ್ಲದ ಪತ್ರಿಕೆಯನ್ನು ತೆಗೆದದ್ದು ಅದೊಂದೇ.

ಬಿಡಿಭಾಗ ತರಲು ಮೂವರೂ ಹುಬ್ಬಳ್ಳಿಗೆ ಹೋದೆವು. ಬರುವಾಗ ಬಸ್ಸಿನಲ್ಲಿ ಎಲ್ಲ ಡಬ್ಬಿಗಳನ್ನು ನಾನೇ ಹಿಡಿದೆ. ನೀನು ಎರಡು ಸಲ ಕೈ ಚಾಚಿದೆ, ನಾನು ಕೊಡಲಿಲ್ಲ. ನವನಗರದಲ್ಲಿ ಇಳಿಸಿಕೊಳ್ಳಲು ನೀನು ಎದ್ದಾಗ, ಬಿಲ್ಲಿಗೆ ತಾಳೆ ನೋಡಿ ಎರಡು ದಿನದ ಮೇಲೆ ತರುತ್ತೇನೆ ಎಂದು ಇಳಕಲ್ಲಿಗೆ ಒಯ್ದೆ. ನಿನ್ನ ಮುಖ ಸಣ್ಣದಾದದ್ದು ಕಂಡೆ. ಇಳಿಯುವಾಗ ನೀನು ಒಂದೇ ಮಾತು ಹೇಳಿದೆ: ಬೆಳ್ಳಿ ಬಣ್ಣದ ಚೀಲಗಳನ್ನು ಬಿಚ್ಚಬೇಡಿರಿ ಸರ, ಹಲಗೆ ನಾಜೂಕು ಇರುತ್ತವೆ.

ಯಾಕೆ ಬಿಚ್ಚಬಾರದು? ದಾರಿಯುದ್ದಕ್ಕೂ ಅದೇ ಪ್ರಶ್ನೆ. ನಾನು ನೋಡಬಾರದ್ದು ಒಳಗೇನಿದೆ? ಹೊಸದು ತೋರಿಸಿ ತಂದು, ಅಂಗಡಿಯಲ್ಲಿ ಜೋಡಿಸುವಾಗ ಹಳೆಯದನ್ನು ತುರುಕಿದರೆ ನನಗೆ ಹೇಗೆ ತಿಳಿಯಬೇಕು? ಹಿತ್ತಾಳೆ ತಾಟು ಒಯ್ದವನೂ ನನ್ನ ಮುಂದೆ ನಗುತ್ತಲೇ ತಿರುಗಾಡಿದ್ದ.

ಮರುದಿನ ಸುನಂದಾ ಒಳಗೆ ಅಡುಗೆಯಲ್ಲಿದ್ದಳು. ಅಂಗಳದ ಬಿಸಿಲಿಗೆ ಚಾಪೆ ಹಾಸಿ ಸೂಜಿ ಮಷಿನ್ ತೆಗೆದೆ. ಪೂರ್ತಿ ಹೆಸರು ಕೊರೆದರೆ ನಿನಗೆ ತಿಳಿದೀತು. ಗುಟ್ಟಿನ ಗುರುತು ಬೇಕು. ಕರೆಂಟಿನ ಡಬ್ಬಿಗೆ ಹಾಕಿದೆ. ಹಾರ್ಡ್ ಡಿಸ್ಕಿನ ತಗಡಿಗೆ ಹಾಕಿದೆ. ಅವು ತಗಡು, ಏನೂ ಆಗಲಿಲ್ಲ. ಕೊನೆಗೆ ಕಾರ್ಡು. ಚೀಲ ಬಿಚ್ಚಿ ಬೋರಲು ಹಾಕಿದೆ. ಬೆನ್ನಿನಲ್ಲಿ ಒಂದು ಕಡೆ ಏನೂ ಇಲ್ಲದ ಹಸಿರು ಜಾಗ ಕಂಡಿತು. ಖಾಲಿ ಎಂದೇ ಕಂಡಿತು. ಸೂಜಿ ಊರಿದೆ. ಕೈ ತಾನಾಗಿ ಮಾಡಿದ್ದು ಅದೇ — ಉದ್ದ ಬಾಲ, ಬಾಗಿದ ತುದಿ, ಕೆಳಗೊಂದು ಚುಕ್ಕೆ.

ನೀನು ನನ್ನ ಕಣ್ಣೆದುರಿಗೇ ಜೋಡಿಸಿದೆ. ನಾನು ಸ್ಟೂಲಿನ ಮೇಲೆ ಕೂತು ನಿನ್ನ ಕೈಯಿಂದ ಕಣ್ಣು ತೆಗೆಯಲಿಲ್ಲ, ನೀರಿಗೂ ಏಳಲಿಲ್ಲ. ಮುಗಿದ ಮೇಲೆ ನೀನು ಸುನಂದಾಳಿಗೆ ಒಂದು ತಾಸು ಕಾರಿನ ಆಟ ಆಡಲು ಹೇಳಿದೆ, ಪೆಟ್ಟಿಗೆ ಎಷ್ಟು ಬಿಸಿಯಾಗುತ್ತದೆ ನೋಡೋಣ ಎಂದು. ಅವಳು ಮೂರು ಸಲ ಗೋಡೆಗೆ ಹಾಯ್ದಳು. ನೀವಿಬ್ಬರೂ ನಕ್ಕಿರಿ. ನಾನು ಟಾರ್ಚು ಹಾಕಿ ಸಂದಿನಿಂದ ನನ್ನ ಗುರುತುಗಳನ್ನು ಹುಡುಕುತ್ತಿದ್ದೆ.

ನಾಲ್ಕು ತಿಂಗಳು ಎಲ್ಲ ಸರಿಯಿತ್ತು. ಅಷ್ಟರಲ್ಲಿ ನಮ್ಮ ಶಾಲೆಗೆ ಹನ್ನೆರಡು ಕಂಪ್ಯೂಟರ್ ತೆಗೆದುಕೊಳ್ಳುವ ಮಾತು ಸಮಿತಿಯಲ್ಲಿ ಎದ್ದಿತು. ನಿವೃತ್ತನಾದರೂ ನಾನು ಸಮಿತಿಯಲ್ಲಿದ್ದೆ. ಕೆಲಸ ನಿನಗೇ ಕೊಡುವುದೆಂದು ಹೆಚ್ಚುಕಡಿಮೆ ಗೊತ್ತಾಗಿತ್ತು. ನೀನು ಅದನ್ನು ನಂಬಿ ಪಕ್ಕದ ಮಳಿಗೆಯನ್ನೂ ಹಿಡಿದಿದ್ದೆ. ಇಲ್ಲಿ ಆದರೆ ಹುನಗುಂದದ, ಬಾದಾಮಿಯ ಶಾಲೆಗಳೂ ನೋಡಿಯೇ ಕೊಡುತ್ತವೆ ಎಂದು ಸುನಂದಾಳ ಮುಂದೆ ಹೇಳಿದ್ದೆಯಂತೆ.

ಬೇಸಿಗೆ ಬಂತು. ಹುನಗುಂದದ ಒಂದು ಮನೆಯಲ್ಲಿ ಬೀಗರೆಲ್ಲ ಜಮಖಾನೆಯ ಮೇಲೆ ಕೂತು ಮದುವೆ ನೋಡುತ್ತಿದ್ದರು. ಅಕ್ಷತೆ ಬೀಳುವ ಹೊತ್ತಿಗೆ ಚಿತ್ರದ ಮೇಲೆ ಕೆಂಪು, ಹಸಿರು ಗೆರೆಗಳು ಎದ್ದವು. ಒಬ್ಬ ಮುದುಕಿ, "ಇದೇನವ್ವಾ, ವರನ ಮಾರಿ ಮ್ಯಾಲೆ ಇಳಕಲ್ಲ ಸೀರಿ ದಡಿ ಬಿತ್ತಲ್ಲ" ಎಂದಳು. ಎಲ್ಲರೂ ನಕ್ಕರು. ಆಮೇಲೆ ಟಿವಿ ಕಪ್ಪಾಯಿತು. ಸುನಂದಾ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತಲೆ ತಗ್ಗಿಸಿ ಬಸ್ಸಿನಲ್ಲಿ ಬಂದಳು. ನನಗೆ ಸಿಟ್ಟಿಗಿಂತ ಮೊದಲು ಬಂದದ್ದು — ಹೇಳಲು ನಾಚಿಕೆ — ಒಂದು ಬಗೆಯ ಸಮಾಧಾನ. ನೋಡು, ನಾನು ಅಂದದ್ದು ಖರೆಯಾಯಿತು.

ಸಮಿತಿಯ ಅಧ್ಯಕ್ಷರಿಗೆ ಅಂದೇ ಹೇಳಿದೆ: ಹಳೆಯ ಮಾಲಿಗೆ ಹೊಸ ಡಬ್ಬಿ ಹಾಕುವವನು ಅವನು.

ನೀನು ಬಂದು ಕಾರ್ಡು ಬಿಚ್ಚಿ ಒಯ್ದೆ. ವರ್ಷದ ಗ್ಯಾರಂಟಿ ಇದೆ, ಹುಬ್ಬಳ್ಳಿಯವರು ಬದಲಿಸಿ ಕೊಡುತ್ತಾರೆ ಎಂದೆ. ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ ಅದನ್ನೇ ಹಿಡಿದು ಮರಳಿ ಬಂದೆ. ಅವರು ತೆಗೆದುಕೊಳ್ಳಲಿಲ್ಲ. ಬೆನ್ನ ಮೇಲೆ ಯಾರೋ ಗೀರಿದ್ದಾರೆ, ಗೀರಿದ್ದಕ್ಕೆ ಗ್ಯಾರಂಟಿ ಇಲ್ಲ ಎಂದು ತಿರುಗಿಸಿದ್ದರು. ಹೇಳುವಾಗ ನೀನು ನನ್ನ ಮುಖ ನೋಡಲಿಲ್ಲ. ಅಂದು ಸಂಜೆ ಐದಕ್ಕೆ ಸಮಿತಿ ಕೂಡುವುದಿತ್ತು, ನಿನ್ನನ್ನೂ ಕರೆದಿದ್ದರು. ಅಲ್ಲಿಯವರೆಗೆ ಕಾರ್ಡು ನನ್ನ ಹತ್ತಿರ ಇರಲಿ ಎಂದು ಇಸಿದುಕೊಂಡೆ. ನೀನು ಮಾವನ ಮನೆಗೆ ಊಟಕ್ಕೆ ಹೋದೆ.

ನನ್ನ ಅಪ್ಪ ಮಗ್ಗದವನು. ಸೀರೆಯ ಎಳೆ ಎಣಿಸುವ ಅವನ ಭೂತಗನ್ನಡಿ ನನ್ನ ಪೆಟ್ಟಿಗೆಯಲ್ಲಿತ್ತು. ಅಂಗಳದ ಬಿಸಿಲಿನಲ್ಲಿ ಅದನ್ನು ಕಾರ್ಡಿನ ಮೇಲೆ ಹಿಡಿದೆ. ಖಾಲಿ ಎಂದುಕೊಂಡ ಹಸಿರಿನ ಕೆಳಗೆ ಕೂದಲಿಗಿಂತ ಸಣ್ಣ ತಾಮ್ರದ ಎಳೆಗಳು ಒತ್ತೊತ್ತಾಗಿ, ಮಗ್ಗಕ್ಕೆ ಹಾಸಿನ ಉದ್ದ ನೂಲು ಹೂಡಿದ ಹಾಗೆ ಹರಿದಿದ್ದವು. ನನ್ನ ಕುಡಗೋಲಿನ ಬಾಲ ಅವುಗಳ ಮೇಲೆ ಅಡ್ಡ ಬಂದಿತ್ತು. ಒಂದು ಎಳೆ ಪೂರ್ತಿ ತುಂಡು. ಇನ್ನೊಂದು, ಅರ್ಧ ತಿಂದು ಬಿಟ್ಟಂತೆ. ಚಳಿಗಾಲದಲ್ಲಿ ಹೇಗೋ ತಡೆದಿದ್ದ ಗಾಯ ಕಾವಿಗೆ ಬಾಯಿಬಿಟ್ಟಿತ್ತು. ಮಗ್ಗದ ಮನೆಯಲ್ಲಿ ಹುಟ್ಟಿದ ಕೂಸಿಗೂ ಹೂಡಿದ ಹಾಸಿನ ಮೇಲೆ ಮೊನೆ ಆಡಿಸಬಾರದೆಂದು ಗೊತ್ತಿರುತ್ತದೆ. ನಾನು — ನಾನು ಎಣಿಸುತ್ತ ಕೂತೆ. ಮೂರು ಸಲ ಎಣಿಸಿದೆ.

ಆಗ ಮೂರು ಗಂಟೆ. ಐದಕ್ಕೆ ಇನ್ನೂ ಎರಡು ತಾಸಿತ್ತು. ನಿನ್ನ ಮಾವನ ಮನೆ ನಮ್ಮ ಓಣಿಯಿಂದ ಹತ್ತು ನಿಮಿಷ. ಎರಡು ತಾಸಿನಲ್ಲಿ ನಾನು ಮಾಡಿದ್ದು ಅಂಗಿಗೆ ಇಸ್ತ್ರಿ.

ಮೇಜಿನ ಮೇಲೆ ಕಾರ್ಡು ಬೋರಲಾಗಿ ಬಿದ್ದಿತ್ತು. ಅಧ್ಯಕ್ಷರು ನಿನ್ನನ್ನು ನಿಲ್ಲಿಸಿಯೇ ಕೇಳಿದರು. ನೀನು ಅದನ್ನು ಎತ್ತಿ ಕಿಟಕಿಯ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದೆ. ಆಮೇಲೆ ನನ್ನ ಕಡೆ ತಿರುಗಿ, ತರಗತಿಯಲ್ಲಿ ಕೇಳುತ್ತಿದ್ದಷ್ಟೇ ಮೆಲ್ಲಗೆ ಕೇಳಿದೆ.

"ಸರ, ಇದರ ಮ್ಯಾಲೆ ನೀವ ಏನರ ಗುರ್ತ ಹಾಕೀರೇನ್ರಿ?"

"ಇಲ್ಲ."

ನೀನು ಕಾರ್ಡನ್ನು ಮೇಜಿನ ಮೇಲೆ ಇಟ್ಟೆ. ಗೀರು ಕೆಳಗೆ ಬರುವಂತೆ ಇಟ್ಟೆ.

"ಸರ ಇಲ್ಲಂದ್ರ, ಇಲ್ಲರಿ."

ಅಷ್ಟೆ. ಆ ಗುರುತನ್ನು ನೀನು ಮೂರು ವರ್ಷ ನಿನ್ನ ನೋಟುಪುಸ್ತಕದಲ್ಲಿ ಕಂಡವನು. ನಿನಗೆ ಅಂದೇ ತಿಳಿದಿತ್ತು. ನಿನಗೆ ತಿಳಿದದ್ದು ನನಗೂ ತಿಳಿಯಿತು. ಆ ಕೋಣೆಯಲ್ಲಿ ಖರೆ ಗೊತ್ತಿದ್ದವರು ನಾವಿಬ್ಬರೇ. ಒಬ್ಬ ಸುಳ್ಳು ಹೇಳಿದ; ಇನ್ನೊಬ್ಬ, ಅವನ ಮಾನ ಕಾಯಲು ತನ್ನದನ್ನು ಬಿಟ್ಟುಕೊಟ್ಟ.

ಕೆಲಸ ಬೇರೆಯವರಿಗೆ ಹೋಯಿತು. ಮಾತು ಹುನಗುಂದಕ್ಕೆ ಮುಟ್ಟಿತು, ಬಾದಾಮಿಗೆ ಮುಟ್ಟಿತು. ಶಿಸ್ತಿನ ಮನುಷ್ಯ ಹೇಳಿದ್ದಾನೆ ಎಂದ ಮೇಲೆ ಜನ ತಿರುಗಿ ಕೇಳುವುದಿಲ್ಲ. ವರ್ಷದೊಳಗೆ ನವನಗರದ ನಿನ್ನ ಎರಡೂ ಮಳಿಗೆಗಳ ಬಾಗಿಲು ಹಾಕಿದವು. ಇಷ್ಟೆಲ್ಲ ಆದದ್ದು ಇಲ್ಲದಿದ್ದರೂ ನಡೆಯುತ್ತಿದ್ದ ಒಂದು ಹಲಗೆಗೆ. ಅದಿಲ್ಲದೆಯೇ ಆ ಪೆಟ್ಟಿಗೆ ಮುಂದೆ ಆರು ವರ್ಷ ದುಡಿಯಿತು. ನೀನು ಆರಿಸಿದ ಡಿಸ್ಕು, ನೀನು ಹಟ ಹಿಡಿದು ಹಾಕಿಸಿದ ಕರೆಂಟಿನ ಡಬ್ಬಿ, ಒಂದೂ ಕೈಕೊಡಲಿಲ್ಲ. ಆಟ ಮಾತ್ರ ನಿಂತಿತು. ಸುನಂದಾ ಮತ್ತೆ ಕೇಳಲಿಲ್ಲ.

ಅವಳು ಕೇಳಿದ್ದು ಬೇರೆ. ಸಮಿತಿಯಿಂದ ಬಂದ ಸಂಜೆ, "ಅಪ್ಪಾ, ಹುಬ್ಬಳ್ಳಿಂದ ಬಂದ ಮರುದಿನ ಅಂಗಳದಾಗ ಸೂಜಿ ಮಷಿನ್ ಸಪ್ಪಳಾ ಕೇಳಿತ್ತಲ್ಲ, ಏನ ಕೊರದಿ?" ಎಂದಳು. ಹೊಸ ತಂಬಿಗೆಗೆ ಹೆಸರು ಹಾಕಿದೆ ಎಂದೆ. ಮರುದಿನ ಪೇಟೆಗೆ ಹೋಗಿ ತಂಬಿಗೆ ತಂದು ಹೆಸರು ಕೊರೆದು, ಅವಳಿಗೆ ಕಾಣುವಂತೆ ನೀರಿನ ಹರಿವಿಯ ಮೇಲೆ ಇಟ್ಟೆ. ಈಗಲೂ ಅದರಲ್ಲಿಯೇ ನೀರು ಕುಡಿಯುತ್ತೇನೆ.

ಹೋದ ವರ್ಷ ಕೆರೂರಿನ ಬಸ್ ನಿಲ್ದಾಣದಲ್ಲಿ ನೀನು ನನ್ನನ್ನು ಕಂಡು ಓಡಿ ಬಂದೆ. ಸಂತೆಯ ದಿನ, ಕಾಲಿಡಲು ಜಾಗವಿರಲಿಲ್ಲ. ಪವರ್‌ಲೂಮಿನ ಮೋಟಾರು ರಿಪೇರಿ ಮಾಡುತ್ತೇನೆ ಎಂದೆ, ಬೆರಳೆಲ್ಲ ಕಪ್ಪಾಗಿದ್ದವು. ಬಾಗಲಕೋಟೆಯ ಬಸ್ಸು ತಿರುಗುವಷ್ಟರಲ್ಲಿ ಕಿಟಕಿಯಿಂದ ನಿನ್ನ ಟವಲ್ಲು ಎಸೆದು ನನಗೆ ಸೀಟು ಹಿಡಿದೆ. "ಅಕ್ಕಾರು ಆರಾಮದಾರೇನ್ರಿ?" ಎಂದು ಕೇಳಿದೆ. ಬಸ್ಸು ಹೊರಟಿತು. ನಾನು — ಇದನ್ನೂ ಬರೆಯಬೇಕು — ಮೊದಲು ಮಾಡಿದ್ದು ಜೇಬು ಮುಟ್ಟಿ ನೋಡಿಕೊಂಡದ್ದು. ಎಲ್ಲ ಇತ್ತು. ನಿನ್ನ ಟವಲ್ಲೂ ನನ್ನ ಕೆಳಗೇ ಉಳಿದಿತ್ತು.

ಆ ಟವಲ್ಲನ್ನು ಒಗೆದು ಮಡಿಸಿ ಇಟ್ಟಿದ್ದೇನೆ. ಅದಕ್ಕೆ ಯಾವ ಗುರುತನ್ನೂ ಹಾಕಿಲ್ಲ.

ಇದನ್ನು ಮೊದಲು ಸುನಂದಾಳಿಗೆ ಓದಲು ಕೊಟ್ಟೆ. ಎರಡು ಸಲ ಓದಿದಳು. "ನಾ ಅವಾಗ ಕೇಳಿದ್ನಲ್ಲಪ್ಪಾ" ಎಂದಳು. ಎದ್ದು ಹೋಗಿ ಹರಿವಿಯ ಮೇಲಿನ ತಂಬಿಗೆ ತೆಗೆದು ಅಟ್ಟದ ಮೇಲೆ ಇಟ್ಟು ಬಂದಳು.

ನಿನ್ನೆ ಸೂಜಿ ಮಷಿನ್ ಕೊನೆಯ ಸಲ ಹಿಡಿದೆ. ಅಂದು ಸಮಿತಿಯ ಮೇಜಿನಿಂದ ಎತ್ತಿ ತಂದು ಇಟ್ಟುಕೊಂಡಿದ್ದ ಆ ಕಾರ್ಡನ್ನು ಬೋರಲು ಹಾಕಿ, ಕುಡಗೋಲಿನ ಪಕ್ಕದಲ್ಲಿಯೇ, ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಭಾಂಡೆಯ ಮೇಲೆ ಕೊರೆಯುವಂತೆ ದಪ್ಪಗೆ ಕೊರೆದೆ. ಅಕ್ಷರ ಸೊಟ್ಟ ಬಂದಿವೆ, ಆದರೆ ಯಾರು ಬೇಕಾದರೂ ಓದಬಹುದು.

ಶನಿವಾರ ಸಂಜೆ ಐದಕ್ಕೆ ಸಮಿತಿ ಕೂಡುತ್ತದೆ. ಅಂದು ಇದ್ದ ಐವರಲ್ಲಿ ಮೂವರು ಇದ್ದಾರೆ. ಹುನಗುಂದದಿಂದ, ಬಾದಾಮಿಯಿಂದಲೂ ಇಬ್ಬರು ಮಾಸ್ತರರನ್ನು ಕರೆದಿದ್ದೇನೆ. ಅದೇ ಮೇಜಿನ ಮೇಲೆ ಕಾರ್ಡನ್ನು ಇಡುತ್ತೇನೆ, ಗೀರು ಮೇಲೆ ಬರುವಂತೆ. ಈ ಸಲ ನಿಲ್ಲುವವನು ನಾನು. ನಿನ್ನ ಅಂಗಡಿ ಅದರಿಂದ ತೆರೆಯುವುದಿಲ್ಲ, ಅದು ನನಗೆ ಗೊತ್ತಿದೆ. ನೀನು ಬರಬೇಕೆಂದಿಲ್ಲ, ಈರಣ್ಣ. ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಒಂದು ಕುರ್ಚಿಯ ಮೇಲೆ ನಿನ್ನ ಟವಲ್ಲು ಹಾಸಿರುತ್ತದೆ.